ರಾಶಿಯೊಳಗೆ ಕುಳಿತ ದಿನಗಳು

(ಉಡುಪಿಯಲ್ಲಿ ಸಣ್ಣ ಕೈಗಾರಿಕೆಗಳ ಮಾಲೀಕರು, ಸೂಪರ್‌ವೈಸರ್‌ಗಳು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಕೈಯಲ್ಲಿರುವ ಈ ಕಾರ್ಡನ್ನು ಮೊದಲು ನೋಡಿ. ಹಿಂದೆ ಕುಳಿತವರಿಗೆ ಕಾಣಿಸಲಿಕ್ಕಿಲ್ಲ, ಓದಿ ಹೇಳುತ್ತೇನೆ. ಎಣ್ಣೆಯ ಬೆರಳಚ್ಚು ಹತ್ತಿ ಕಾಗದ ಕಂದಾಗಿದೆ, ಮೂಲೆಯಲ್ಲಿ ತಂತಿ ಪೋಣಿಸಿದ ತೂತು ಹರಿದಿದೆ. ಮಂಗಳೂರಿನ ಬಳಿಯ ಬೈಕಂಪಾಡಿಯ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ನಾನು ಉತ್ಪಾದನಾ ವಿಭಾಗ ನೋಡಿಕೊಳ್ಳುತ್ತಿದ್ದಾಗ ಬೇರಿಂಗ್ ಕೂರಿಸುವ ಕವಚವಾದ ಒಂದು ಬೇರಿಂಗ್ ಹೌಸಿಂಗ್‌ಗೆ ಕಟ್ಟಿದ್ದ ಜಾಬ್ ಕಾರ್ಡ್ ಇದು. ಎರಕದ ಕಬ್ಬಿಣದ ಆ ತುಂಡು ಒಂದನೇ ತಾರೀಕಿನ ಬೆಳಗ್ಗೆ ಒಳಗೆ ಬಂತು, ಅದೇ ತಿಂಗಳ 29ರ ಸಂಜೆ ಲಾರಿ ಹತ್ತಿತು. ನಾಲ್ಕು ಭಾನುವಾರ ಕಳೆದರೆ 25 ಕೆಲಸದ ದಿನ.

ಕಾರ್ಡಿನ ಹಿಂಬದಿಯಲ್ಲಿ ಪ್ರತಿ ಯಂತ್ರದ ಹುಡುಗನೂ ತಾನು ತೆಗೆದುಕೊಂಡ ಸಮಯ ಬರೆದಿದ್ದಾನೆ. ಲೇತ್ 12 ನಿಮಿಷ. ಡ್ರಿಲ್ಲಿಂಗ್ 6. ಗ್ರೈಂಡಿಂಗ್ 30. ಅಂಚು ಸವರಿ ಅಳತೆ ನೋಡಿದ್ದು 4. ಕೂಡಿಸಿದರೆ 52 ನಿಮಿಷ. ಆಮೇಲೆ ರೆಡ್ ಆಕ್ಸೈಡ್ ಬಳಿದು ಒಂದು ರಾತ್ರಿ ಒಣಗಿಸಿದ್ದೇವೆ. ಹಾಗಾದರೆ ಉಳಿದ 23, 24 ದಿನ ಆ ತುಂಡು ಏನು ಮಾಡುತ್ತಿತ್ತು? ಕಾಯುತ್ತಿತ್ತು. ಲೇತಿನ ಪಕ್ಕದಲ್ಲಿ ಕಾಯಿತು, ಡ್ರಿಲ್ಲಿನ ಎದುರು ಕಾಯಿತು, ಗ್ರೈಂಡಿಂಗ್ ಯಂತ್ರದ ಹತ್ತಿರ ಒಂದರ ಮೇಲೊಂದು ಪೇರಿಸಿದ ರಾಶಿಯ ತಳದಲ್ಲಿ ಹದಿನೈದು ದಿನ ಕುಳಿತಿತ್ತು.

ಗಿರಾಕಿ ದಿನಾ ಫೋನ್ ಮಾಡುತ್ತಿದ್ದರು. ನಾವು ಲೇತಿನ ಹುಡುಗನನ್ನು ಬೈಯುತ್ತಿದ್ದೆವು, ಓವರ್‌ಟೈಮ್ ಕೊಡುತ್ತಿದ್ದೆವು. ಹನ್ನೆರಡು ನಿಮಿಷದ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಿಸಿದರೆ 25 ದಿನದಲ್ಲಿ ಎರಡು ನಿಮಿಷ ಉಳಿಯುತ್ತದೆ. ಇದು ನಮಗೆ ಹೊಳೆಯಲು ಬಹಳ ಕಾಲ ಬೇಕಾಯಿತು. ಸಮಯ ಯಂತ್ರದಲ್ಲಿ ಕಳೆದುಹೋಗುತ್ತಿರಲಿಲ್ಲ, ರಾಶಿಯಲ್ಲಿ ಕುಳಿತಿತ್ತು.

ರಾಶಿ ಕಂಡರೆ ನಮಗೆ ಯಾಕೆ ಸಮಾಧಾನವಾಗುತ್ತದೆ ಎಂದು ಆಮೇಲೆ ಯೋಚಿಸಿದ್ದೇನೆ. ನಾವು ಬೇಸಾಯದ ಮನೆಗಳಿಂದ ಬಂದವರು. ಅಂಗಳದಲ್ಲಿ ಭತ್ತದ ತುಪ್ಪೆ, ಒಳಗೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳ ಸಾಲು ಇದ್ದರೆ ಆ ಮನೆಗೆ ಹೆಣ್ಣು ಕೊಡುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ವರ್ಷಕ್ಕೆ ಒಂದೋ ಎರಡೋ ಬಾರಿ ಬೆಳೆ, ಊಟ ಮಾತ್ರ ಎಲ್ಲ ದಿನವೂ. ನಡುವಿನ ತಿಂಗಳುಗಳನ್ನು ದಾಟಿಸಲು ದಾಸ್ತಾನು ಬೇಕೇ ಬೇಕು. ಆದರೆ ಮುಡಿ ಕಟ್ಟಿಟ್ಟ ಅಕ್ಕಿ ಆ ಹೊತ್ತಿಗೆ ಸಿದ್ಧ ಪದಾರ್ಥ, ಬೇಯಿಸಿದರೆ ಊಟ. ನಮ್ಮ ನೆಲದ ಮೇಲಿದ್ದದ್ದು ಅರ್ಧ ಕೊರೆದ, ಮಾರಲು ಬಾರದ, ಬಳಸಲು ಬಾರದ ಕಬ್ಬಿಣ. ಅದಕ್ಕೆ ಹಾಕಿದ ದುಡ್ಡು ಹೋಗಿದೆ, ಬರಬೇಕಾದ ದುಡ್ಡು ಬಂದಿಲ್ಲ. ಎರಡನ್ನೂ ದಾಸ್ತಾನು ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಹಾಗಾಗಿ ಅಕ್ಕಿ ಮುಡಿ ಕಂಡಾಗಿನ ನೆಮ್ಮದಿಯೇ ಅಲ್ಲಿಯೂ ಮೂಡಿಬಿಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಕೃಷ್ಣ ಮಠದ ಊಟದ ಸರದಿಯಲ್ಲಿ ನೀವು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ನಿಮ್ಮ ಮುಂದೆ 300 ಜನ ಇದ್ದಾರೆ. ಬಾಗಿಲಲ್ಲಿ ನಿಮಿಷಕ್ಕೆ ಸರಾಸರಿ 15 ಜನ ಒಳಗೆ ಹೋಗುತ್ತಿದ್ದಾರೆ. ನಿಮಗೆ ಎಷ್ಟು ಹೊತ್ತು? 20 ನಿಮಿಷ. ಇದನ್ನು ಯಾರೂ ಕಲಿಸಬೇಕಾಗಿಲ್ಲ, ಸಾಲಿನಲ್ಲಿ ನಿಂತ ಅಜ್ಜಿಯೂ ಹೇಳುತ್ತಾರೆ. ಹೋಟೆಲಿಗೆ ಹೋಗಿ. 60 ಜನ ಕುಳಿತಿದ್ದಾರೆ, ಒಬ್ಬೊಬ್ಬರು ಸರಾಸರಿ 20 ನಿಮಿಷ ಕೂರುತ್ತಾರೆ ಎಂದರೆ ನಿಮಿಷಕ್ಕೆ ಮೂವರು ಬಿಲ್ ಕೊಟ್ಟು ಹೊರಗೆ ಹೋಗುತ್ತಿದ್ದಾರೆ ಎಂದೇ ಅರ್ಥ. ಒಳಗಿರುವವರ ಸಂಖ್ಯೆ, ಹೊರಬರುವ ವೇಗ, ಒಬ್ಬರು ಒಳಗೆ ಕಳೆಯುವ ಸಮಯ ಈ ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ಸಿಗುತ್ತದೆ.

ಈ ಸಂಬಂಧವನ್ನು ಮೊದಲೇ ಬಳಸುತ್ತಿದ್ದರು. ಆದರೆ ಅದಕ್ಕೆ ಗಣಿತದ ಪುರಾವೆ ಒದಗಿಸಿದವರು ಅಮೆರಿಕದ ಜಾನ್ ಲಿಟ್ಲ್, 1961ರಲ್ಲಿ. ಹಾಗಾಗಿ ಇದಕ್ಕೆ ಲಿಟ್ಲ್ ನಿಯಮ ಎಂದು ಹೆಸರು. ಅದರ ಬಲ ಎಲ್ಲಿದೆ ಗೊತ್ತೆ? ಜನ ಒಬ್ಬೊಬ್ಬರಾಗಿ ಬರಲಿ, ಬಸ್ಸು ತುಂಬ ಬರಲಿ, ಯಾರನ್ನು ಮೊದಲು ಒಳಗೆ ಬಿಟ್ಟರೂ ಸರಿ, ದೀರ್ಘಕಾಲದ ಸರಾಸರಿಗೆ ಅದು ನಿಲ್ಲುತ್ತದೆ. ಮಠದ ಸರದಿಗೂ ಸರಿ, ಆಸ್ಪತ್ರೆಗೂ ಸರಿ, ಎರಕದ ಕಬ್ಬಿಣಕ್ಕೂ ಸರಿ. ಒಳಹೋಗುವ ಮತ್ತು ಹೊರಬರುವ ವೇಗ ಹೆಚ್ಚುಕಡಿಮೆ ಸಮನಾಗಿರಬೇಕು, ಅಷ್ಟೇ ಷರತ್ತು.

ಒಂದು ಶನಿವಾರ ಮಧ್ಯಾಹ್ನ ಯಂತ್ರಗಳನ್ನು ನಿಲ್ಲಿಸಿ, ಸೀಮೆಸುಣ್ಣ ಹಿಡಿದು, ನೆಲದ ಮೇಲಿದ್ದ ಪ್ರತಿ ತುಂಡನ್ನೂ ಎಣಿಸಿದೆವು. ಮೇಜಿನ ಕೆಳಗೆ, ಕಿಟಕಿಯ ಬಳಿ, ಶೌಚಾಲಯದ ಗೋಡೆಗೆ ಒರಗಿಸಿಟ್ಟದ್ದು ಎಲ್ಲವೂ ಸೇರಿ 400 ಆಯಿತು. ದಿನಕ್ಕೆ ಎಷ್ಟು ಹೊರಗೆ ಹೋಗುತ್ತಿತ್ತು? ಗ್ರೈಂಡಿಂಗ್ ಯಂತ್ರ ಒಂದೇ ಇತ್ತು. ಒಂದಕ್ಕೆ ಅರ್ಧ ಗಂಟೆ, ಎಂಟು ಗಂಟೆಯ ಪಾಳಿ, ಅಂದರೆ 16. ನಾನೂರನ್ನು ಹದಿನಾರರಿಂದ ಭಾಗಿಸಿ. 25. ಈ ಕಾರ್ಡಿನಲ್ಲಿ ಇರುವ ಅದೇ 25. ಕಾಗದದ ಮೇಲೆ ಆ ಅಂಕಿ ಬಂದಾಗ ಸೂಪರ್‌ವೈಸರ್ ಕಾರ್ಡನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಇಪ್ಪತ್ತು ವರ್ಷ ಅದೇ ನೆಲದಲ್ಲಿ ನಡೆದಾಡಿದವರು ಅವರು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಿರಾಕಿ ಅವಸರಪಡಿಸುತ್ತಿದ್ದಾರೆ ಎಂದು ನಾವು ಇನ್ನೂ 80 ತುಂಡುಗಳನ್ನು ಲೇತಿಗೆ ಹಾಕಿದೆವು ಎಂದುಕೊಳ್ಳಿ. ಗ್ರೈಂಡಿಂಗ್ ಯಂತ್ರ ದಿನಕ್ಕೆ 16ನ್ನೇ ಕೊಡುತ್ತದೆ, ಅದಕ್ಕೆ ನಮ್ಮ ಆತುರ ಗೊತ್ತಿಲ್ಲ. ನೆಲದ ಮೇಲೆ ಈಗ 480. ಭಾಗಿಸಿದರೆ 30 ದಿನ. ಬೇಗ ಕೊಡಬೇಕೆಂದು ಬೇಗ ಶುರುಮಾಡಿದ್ದರಿಂದ ಐದು ದಿನ ತಡವಾಯಿತು. ತಡವಾದದ್ದನ್ನು ಕಂಡು ಇನ್ನಷ್ಟು ಬೇಗ ಶುರುಮಾಡುತ್ತೇವೆ. ಎಷ್ಟೋ ಸಣ್ಣ ಕಾರ್ಖಾನೆಗಳು ಈ ಸುಳಿಯಲ್ಲಿ ಸಿಕ್ಕಿಕೊಂಡಿವೆ. ನಾವೂ ಸಿಕ್ಕಿಕೊಂಡಿದ್ದೆವು. ಕೆಲಸಗಾರರ ಸೋಮಾರಿತನ ಎಂದು ಬೈಸಿಕೊಂಡವರು ಮಾತ್ರ ಆ ಹುಡುಗರು. ಅದನ್ನು ನೆನೆದರೆ ನನಗೆ ಇವತ್ತಿಗೂ ಕಷ್ಟವಾಗುತ್ತದೆ.

ರಾಶಿ ಹುಟ್ಟುವುದು ಹೇಗೆ? ಒಂದು ಕಾರಣ ಈಗಲೇ ಕಂಡಿರಿ, ಮುಂದಿನ ಯಂತ್ರ ನುಂಗುವುದಕ್ಕಿಂತ ಹೆಚ್ಚು ಹಿಂದಿನ ಯಂತ್ರ ಉಗುಳುವುದು. ಲೇತ್ ಒಂದು ಪಾಳಿಯಲ್ಲಿ 40 ತುಂಡು ಮಾಡಬಲ್ಲದು. ಖಾಲಿ ನಿಂತರೆ ಮಾಲೀಕರಿಗೆ ಬೇಸರ, ಆದ್ದರಿಂದ ಮಾಡುತ್ತಲೇ ಇರುತ್ತದೆ. ಟೊಯೊಟಾದ ತೈಇಚಿ ಓನೊ ಅವರು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದನ್ನು ಎಲ್ಲ ಪೋಲುಗಳಿಗಿಂತ ಕೆಟ್ಟ ಪೋಲು ಎಂದು ಕರೆದದ್ದು ಇದಕ್ಕಾಗಿಯೇ.

ಇನ್ನೊಂದು ಕಾರಣ ಬ್ಯಾಚ್. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ಹತ್ತಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಸಾಕಷ್ಟು ಜನ ಸೇರುವವರೆಗೆ ದೋಣಿ ಹೊರಡುವುದಿಲ್ಲ. ಮೊದಲು ಹತ್ತಿ ಕುಳಿತವರು ಸಮುದ್ರ ನೋಡುತ್ತಾ ಕೊನೆಯವರಿಗಾಗಿ ಕಾಯುತ್ತಾರೆ. ದೋಣಿಯವರ ಲೆಕ್ಕ ಸರಿಯೇ, ಡೀಸೆಲ್ ಹತ್ತು ಜನಕ್ಕೂ ಅಷ್ಟೇ, ನಲವತ್ತು ಜನಕ್ಕೂ ಅಷ್ಟೇ. ಕಾರ್ಖಾನೆಯಲ್ಲಿ ಈ ಡೀಸೆಲ್ಲಿನ ಜಾಗದಲ್ಲಿ ಇರುವುದು ಸೆಟ್ಟಿಂಗ್. ಒಂದು ಅಳತೆಯಿಂದ ಇನ್ನೊಂದಕ್ಕೆ ಯಂತ್ರ ಬದಲಿಸಲು ಎರಡು ಗಂಟೆ ಹಿಡಿದರೆ ಯಾರೂ ಐದು ತುಂಡಿಗಾಗಿ ಬದಲಿಸುವುದಿಲ್ಲ. 60 ತುಂಡು ಒಟ್ಟಿಗೆ ಮಾಡುತ್ತಾರೆ. ಒಂದಕ್ಕೆ 12 ನಿಮಿಷದಂತೆ ಅರವತ್ತಕ್ಕೆ 12 ಗಂಟೆ. ಮೊದಲ ತುಂಡು ತನ್ನ ಹನ್ನೆರಡು ನಿಮಿಷ ಮುಗಿಸಿ, ಉಳಿದ 59 ಸಂಗಾತಿಗಳಿಗಾಗಿ ಟ್ರಾಲಿಯಲ್ಲಿ ಕುಳಿತಿರುತ್ತದೆ.

ಎಷ್ಟು ದೊಡ್ಡ ಬ್ಯಾಚ್ ಲಾಭಕರ ಎಂಬ ಸೂತ್ರವನ್ನು ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಕೊಟ್ಟಿದ್ದರು. ಹೆಸರು ನೋಡಿ ಕಾರಿನ ಫೋರ್ಡ್ ಎಂದುಕೊಳ್ಳಬೇಡಿ, ಇವರು ಬೇರೆ. ಆ ಸೂತ್ರದಲ್ಲಿ ಒಂದು ವರ್ಗಮೂಲ ಇದೆ. ಸೆಟ್ಟಿಂಗ್ ಖರ್ಚನ್ನು ಕಾಲುಭಾಗಕ್ಕೆ ಇಳಿಸಿದರೆ ಸರಿಯಾದ ಬ್ಯಾಚ್ ಅರ್ಧವಾಗುತ್ತದೆ. ಬಹಳ ವರ್ಷ ಎಲ್ಲರೂ ಸೆಟ್ಟಿಂಗ್ ಖರ್ಚು ದೇವರು ಕೊಟ್ಟದ್ದು ಎಂಬಂತೆ ಆ ಸೂತ್ರ ಬಳಸಿದರು. ಜಪಾನಿನ ಶಿಗೆಒ ಶಿಂಗೊ ಅದನ್ನೇ ಪ್ರಶ್ನಿಸಿದರು. 1969ರಲ್ಲಿ ಟೊಯೊಟಾದಲ್ಲಿ ತಗಡು ಒತ್ತಿ ಆಕಾರ ಕೊಡುವ ಸಾವಿರ ಟನ್ನಿನ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಮೊದಲು ಅದನ್ನು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಮುಖ್ಯ ಉಪಾಯ ನಮ್ಮ ಅಡುಗೆಯವರಿಗೆ ಗೊತ್ತಿರುವುದೇ. ಒಲೆ ಹಚ್ಚಿದ ಮೇಲೆ ಸಾಸಿವೆ ಹುಡುಕುವವರು ಉಂಟೆ? ಯಂತ್ರ ಓಡುತ್ತಿರುವಾಗಲೇ ಮುಂದಿನ ಅಚ್ಚು, ಬೋಲ್ಟು, ಸ್ಪ್ಯಾನರ್ ಎಲ್ಲವೂ ಪಕ್ಕದಲ್ಲಿ ಸಿದ್ಧವಾಗಿರಬೇಕು. ನಿಂತಾಗ ಮಾಡಲೇಬೇಕಾದ್ದನ್ನು ಮಾತ್ರ ನಿಂತಾಗ ಮಾಡಬೇಕು.

ಮೂರನೆಯ ಕಾರಣವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು, ಏಕೆಂದರೆ ಇದು ಮನಸ್ಸಿಗೆ ಒಗ್ಗುವುದಿಲ್ಲ. ಒಬ್ಬ ವೈದ್ಯರಿದ್ದಾರೆ, ರೋಗಿಗೆ ಸರಾಸರಿ ಆರು ನಿಮಿಷ ಕೊಡುತ್ತಾರೆ. ರೋಗಿಗಳು ತಮ್ಮ ಮನಬಂದ ಹೊತ್ತಿಗೆ ಬರುತ್ತಾರೆ, ಪರೀಕ್ಷೆಯ ಸಮಯವೂ ಒಂದೇ ಸಮ ಇರುವುದಿಲ್ಲ. ವೈದ್ಯರು ತಮ್ಮ ಸಮಯದ ಶೇಕಡಾ 80 ಮಾತ್ರ ಕೆಲಸದಲ್ಲಿದ್ದರೆ ರೋಗಿ ಸರಾಸರಿ ಕಾಯುವುದು ಆರು ನಿಮಿಷದ ನಾಲ್ಕು ಪಟ್ಟು, 24 ನಿಮಿಷ. ಶೇಕಡಾ 90 ಆದರೆ ಒಂಬತ್ತು ಪಟ್ಟು, 54 ನಿಮಿಷ. ಶೇಕಡಾ 95 ಆದರೆ ಹತ್ತೊಂಬತ್ತು ಪಟ್ಟು, 114 ನಿಮಿಷ. ಎಂಬತ್ತರಿಂದ ತೊಂಬತ್ತೈದಕ್ಕೆ ಹೋದರೆ ಕೆಲಸ ಹೆಚ್ಚಾದದ್ದು ಐದರಲ್ಲಿ ಒಂದು ಪಾಲೂ ಇಲ್ಲ, ಕಾಯುವಿಕೆ ಐದು ಪಟ್ಟಿಗೆ ಹತ್ತಿರವಾಯಿತು. ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್, ಅದೂ 1961ರಲ್ಲೇ, ಈ ಕಾಯುವಿಕೆಯ ಅಂದಾಜಿನಲ್ಲಿ ಏರುಪೇರಿಗೂ ಒಂದು ಪಾಲು ಇದೆ ಎಂದು ತೋರಿಸಿಕೊಟ್ಟರು. ಸರಕು ನಿಯಮಿತವಾಗಿ ಬಂದು, ಯಂತ್ರ ಕೆಡದೆ, ಅಳತೆ ತಪ್ಪದೆ ನಡೆದರೆ ಅದೇ ದುಡಿಮೆಗೆ ಸಾಲು ಚಿಕ್ಕದಾಗುತ್ತದೆ. ಎಲ್ಲ ಯಂತ್ರಗಳೂ ಎಲ್ಲ ಹೊತ್ತೂ ತಿರುಗುತ್ತಿರಬೇಕು ಎಂಬ ಆಸೆಗೆ ನಾವು ತೆರುವ ಬೆಲೆ ಸರಕಿನ ಕಾಯುವಿಕೆ.

ಎರಡನೇ ಸಾಲಿನಲ್ಲಿ ಒಬ್ಬರು ತಲೆಯಾಡಿಸುತ್ತಿದ್ದೀರಿ. ದಾಸ್ತಾನೇ ಇಲ್ಲದೆ ವ್ಯಾಪಾರ ನಡೆಯುತ್ತದೆಯೇ ಎಂದು ತಾನೇ? ನಡೆಯುವುದಿಲ್ಲ. ಎಲ್ಲಿ ಇಡಬೇಕು ಎಂಬುದೇ ಪ್ರಶ್ನೆ, ಅದಕ್ಕೆ ಉತ್ತರ ನಮ್ಮ ಊರಿನ ಹೋಟೆಲಿನ ಅಡುಗೆಮನೆಯಲ್ಲೇ ಇದೆ.

ಮಸಾಲೆ ದೋಸೆಯನ್ನು ಶುರುವಿನಿಂದ ಲೆಕ್ಕ ಹಾಕಿ. ಅಕ್ಕಿ, ಉದ್ದು ನೆನೆಯಬೇಕು, ರುಬ್ಬಬೇಕು, ಹಿಟ್ಟು ರಾತ್ರಿಯಿಡೀ ಹುದುಗಬೇಕು. ಒಟ್ಟು ಅವಧಿ ಹದಿನೈದು ಗಂಟೆಯ ಆಸುಪಾಸು. ಗಿರಾಕಿ ಕಾಯುವುದು ಐದು ಹತ್ತು ನಿಮಿಷ. ಹೇಗೆ ಸಾಧ್ಯವಾಯಿತು? ಹಿಟ್ಟು ದಾಸ್ತಾನಿದೆ, ಪಲ್ಯ ದಾಸ್ತಾನಿದೆ, ಚಟ್ನಿ ಇದೆ. ಕಾವಲಿಗೆ ಹೊಯ್ಯುವುದು ಮಾತ್ರ ಆರ್ಡರ್ ಬಂದ ಮೇಲೆ. ಅದೇ ಹಿಟ್ಟಿನಿಂದ ಸಾದಾ ದೋಸೆಯೂ ಆಗುತ್ತದೆ, ಈರುಳ್ಳಿ ದೋಸೆಯೂ ಆಗುತ್ತದೆ. ನೂರು ಮಸಾಲೆ ದೋಸೆ ಹೊಯ್ದು ಪೇರಿಸಿಟ್ಟುಕೊಂಡು ಗಿರಾಕಿಗಾಗಿ ಕಾಯುವ ಭಟ್ಟರನ್ನು ನಾನು ಕಂಡಿಲ್ಲ. ಎಲ್ಲಕ್ಕೂ ಹೊಂದುವ ಸ್ಥಿತಿಯವರೆಗೆ ಮೊದಲೇ ತಯಾರಿಸಿ ಅಲ್ಲಿ ದಾಸ್ತಾನು ಇಡಬೇಕು, ಅಲ್ಲಿಂದ ಮುಂದೆ ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡಬೇಕು. ನಿಮ್ಮ ಕಾರ್ಖಾನೆಯಲ್ಲಿ ಹಿಟ್ಟು ಯಾವುದು, ದೋಸೆ ಯಾವುದು ಎಂದು ಗುರುತಿಸಿಕೊಳ್ಳಿ.

ಗೇರುಬೀಜದವರೂ ಇಲ್ಲಿದ್ದೀರಿ. ಈ ಕರಾವಳಿಯಲ್ಲಿ ಗೇರು ಸಿಗುವುದು ಬೇಸಿಗೆಯ ಕೆಲವೇ ತಿಂಗಳು, ಕಾರ್ಖಾನೆಗೆ ವರ್ಷವಿಡೀ ಕೆಲಸ ಬೇಕು. ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜಕ್ಕೂ ಅದರದೇ ಹಂಗಾಮು ಇದೆ. ಒಣಗಿಸಿ ಗೋಣಿಯಲ್ಲಿ ತುಂಬಿದ ಆ ದಾಸ್ತಾನು ಅಕ್ಕಿ ಮುಡಿಯ ಜಾತಿಯದು, ಅದನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಬೇಯಿಸಿ, ಒಡೆದು, ಬೋರ್ಮಾ ಎಂಬ ಬಿಸಿ ಗೂಡಿನಲ್ಲಿ ಒಣಗಿಸಿ ಹೊರತೆಗೆದ ತಿರುಳಿನ ಟ್ರೇಗಳ ವಿಷಯ ಬೇರೆ. ಹೊರಬಂದಾಗ ಕೆಂಪು ಸಿಪ್ಪೆ ಗರಿಗರಿಯಾಗಿರುತ್ತದೆ, ಹೆಬ್ಬೆರಳಿನಿಂದ ಉಜ್ಜಿದರೆ ಹಾರಿಹೋಗುತ್ತದೆ. ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಟ್ರೇ ತೆರೆದೇ ಕಾಯುತ್ತಾ ಕುಳಿತರೆ ಸಿಪ್ಪೆ ಮತ್ತೆ ಅಂಟಿಕೊಳ್ಳುತ್ತದೆ, ಚೂರಿಯಿಂದ ಕೆರೆಯಬೇಕಾಗುತ್ತದೆ, ತಿರುಳಿಗೆ ಗಾಯವಾಗುತ್ತದೆ, ತುಂಡಾಗುತ್ತದೆ. ಪೌಂಡಿಗೆ 300ರಿಂದ 320 ಇಡೀ ಬೀಜ ತೂಗುವ ಡಬ್ಲ್ಯೂ 320 ದರ್ಜೆಯ ಬೆಲೆ ಎಲ್ಲಿ, ತುಂಡುಬೀಜದ ಬೆಲೆ ಎಲ್ಲಿ! ಆ ನಷ್ಟವನ್ನು ಸಿಪ್ಪೆ ತೆಗೆಯುವ ಹೆಂಗಸರ ಲೆಕ್ಕಕ್ಕೆ ಬರೆಯಬಾರದು. ಅದು ಟ್ರೇ ಕಾದ ಗಂಟೆಗಳ ಲೆಕ್ಕ.

ಹಂಚಿನ ಮಾತೂ ಇಷ್ಟೇ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಕಾಲದಿಂದಲೂ ಹಸಿ ಹಂಚು ನೆರಳಿನಲ್ಲಿ ಒಣಗದೆ ಗೂಡಿಗೆ ಹೋಗುವಂತಿಲ್ಲ, ಅವಸರಪಡಿಸಿದರೆ ಬಿರುಕು ಬಿಡುತ್ತದೆ. ಆ ಹಲಗೆಗಳ ಮೇಲಿನ ದಿನಗಳು ಕೆಲಸದ ದಿನಗಳೇ, ಹಿಟ್ಟು ಹುದುಗುವ ರಾತ್ರಿಯ ಹಾಗೆ. ಒಣಗಿದ ಮೇಲೂ ಗೂಡಿನ ಸರದಿಗಾಗಿ ಕುಳಿತ ದಿನಗಳನ್ನು ಮಾತ್ರ ಪ್ರಶ್ನಿಸಬೇಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಕೃಷ್ಣ ಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉಡುಪಿಯ ಪರ್ಯಾಯಕ್ಕೆ ನಾಲ್ಕು ಮುಹೂರ್ತಗಳಿವೆ, ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ಮುಹೂರ್ತ ಮೊದಲು, ಪರ್ಯಾಯಕ್ಕೆ ಒಂದು ವರ್ಷದಷ್ಟು ಮುಂಚೆ. ಏಕೆಂದರೆ ಬಾಳೆಗಿಡವನ್ನು ಯಾರೂ ಅವಸರಪಡಿಸಲಾರರು. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಪೇರಿಸಿಡುತ್ತಾರೆ, ಅದು ಒಣಗಬೇಕು. ಎರಡು ವರ್ಷದ ಅನ್ನದಾನಕ್ಕೆ ಯಾವ ಪದಾರ್ಥಕ್ಕೆ ಎಷ್ಟು ಕಾಲ ಬೇಕು ಎಂದು ಹಿಂದಿನಿಂದ ಎಣಿಸಿಕೊಂಡು ಬಂದ ಯೋಜನೆ ಹಾಗೆ ಕಾಣುತ್ತದೆ ನನಗೆ. ಪ್ರತಿಸಲ ಆ ಕಟ್ಟಿಗೆ ರಥದ ಎದುರು ನಿಂತಾಗ ಕೈ ಮುಗಿಯುವುದರ ಜೊತೆಗೆ ಮನಸ್ಸಿನಲ್ಲಿ ದಿನಗಳನ್ನು ಎಣಿಸುತ್ತೇನೆ.

ಸರಿ, ದಾಸ್ತಾನನ್ನು ಎಷ್ಟರವರೆಗೆ ಇಳಿಸಬಹುದು? ನಮ್ಮ ಕಾರ್ಖಾನೆಯಲ್ಲಿ ಎಲ್ಲಿಯೂ ಕಾಯದೆ ಸಾಗಿದರೆ ಒಂದು ತುಂಡಿಗೆ ಬಣ್ಣ ಒಣಗುವುದೂ ಸೇರಿ ಎರಡು ದಿನ. ದಿನಕ್ಕೆ 16ರಂತೆ 32 ತುಂಡು ನೆಲದ ಮೇಲಿದ್ದರೆ ಸಾಕು ಎನ್ನುತ್ತದೆ ಲೆಕ್ಕ. ಅದು ಏನೂ ಕೆಡದ, ಯಾರೂ ರಜೆ ಹಾಕದ, ಕರೆಂಟ್ ಹೋಗದ ಲೋಕದ ಲೆಕ್ಕ. ಆ 32ಕ್ಕೆ ಹೋಗಿ ನಿಂತರೆ ಡ್ರಿಲ್ ಒಂದು ಗಂಟೆ ಕೆಟ್ಟಾಗ ಗ್ರೈಂಡಿಂಗ್ ಯಂತ್ರ ಬರಿಗೈಯಲ್ಲಿ ಕೂರುತ್ತದೆ, ಆ ಯಂತ್ರ ಕಳೆದುಕೊಂಡ ಗಂಟೆಯನ್ನು ಇಡೀ ಕಾರ್ಖಾನೆ ಕಳೆದುಕೊಳ್ಳುತ್ತದೆ. ದೊಡ್ಡವರಿಗೂ ಈ ಪೆಟ್ಟು ಬಿದ್ದಿದೆ. 1997ರ ಫೆಬ್ರುವರಿ 1ರಂದು ಟೊಯೊಟಾಕ್ಕೆ ಬಿಡಿಭಾಗ ಒದಗಿಸುತ್ತಿದ್ದ ಐಸಿನ್ ಸೈಕಿ ಕಂಪನಿಯ ಕರಿಯಾ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಅಲ್ಲಿಂದಲೇ ಟೊಯೊಟಾಕ್ಕೆ ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಟೊಯೊಟಾದ ಕಾರು ಜೋಡಣೆ ಹೆಚ್ಚುಕಡಿಮೆ ನಿಂತೇಹೋಯಿತು. ನೂರಾರು ಸಣ್ಣ ಕಾರ್ಖಾನೆಗಳು ತಮ್ಮ ಕೆಲಸ ಬಿಟ್ಟು ಆ ವಾಲ್ವ್ ಮಾಡಿಕೊಟ್ಟದ್ದರಿಂದ ಬೇಗ ಚೇತರಿಸಿಕೊಂಡರು.

ನಾವು 130 ಎಂದು ನಿಶ್ಚಯಿಸಿದೆವು. 130 ತಗಡಿನ ಬಿಲ್ಲೆ ಮಾಡಿಸಿ ನಂಬರ್ ಹೊಡೆಸಿದೆವು. ಬಿಲ್ಲೆ ಕಟ್ಟದೆ ಯಾವ ತುಂಡೂ ಲೇತ್ ಹತ್ತುವಂತಿಲ್ಲ, ಸಿದ್ಧವಾದ ತುಂಡು ಲಾರಿ ಹತ್ತಿದ ಮೇಲೆಯೇ ಅದರ ಬಿಲ್ಲೆ ಲೇತಿನ ಮೊಳೆಗೆ ವಾಪಸ್ಸು. ಮೊಳೆ ಖಾಲಿ ಇದ್ದರೆ ಲೇತಿನ ಹುಡುಗ ಕೆಲಸ ನಿಲ್ಲಿಸಿ ಗ್ರೈಂಡಿಂಗ್‌ನವನಿಗೆ ಸಹಾಯಕ್ಕೆ ಹೋಗಬೇಕು. ಮೊದಲ ಕೆಲವು ವಾರ ಹೊಸ ಎರಕಗಳನ್ನು ಒಳಗೆ ಬಿಡದೆ ಹಳೆಯ ರಾಶಿಯನ್ನೇ ಕರಗಿಸಿದೆವು. ಲೇತ್ ನಿಂತಿರುವುದನ್ನು ಕಂಡು ಮಾಲೀಕರು ಎರಡು ಸಲ ನನ್ನನ್ನು ಕಚೇರಿಗೆ ಕರೆಸಿದರು. ದಿನಕ್ಕೆ 16 ಹೋಗುವುದು ಒಂದು ದಿನವೂ ಕಡಿಮೆಯಾಗಲಿಲ್ಲ ಎಂದು ರವಾನೆ ಪುಸ್ತಕ ತೋರಿಸಿದೆ. ರಾಶಿ 130ಕ್ಕೆ ಇಳಿದಾಗ ಅವಧಿ ಎಂಟು ದಿನ ಚಿಲ್ಲರೆಗೆ ಬಂತು.

ರಾಶಿ ಕರಗಿದಾಗ ಅದರ ತಳದಲ್ಲಿ ಏನಿತ್ತು ಎಂಬುದನ್ನೂ ಹೇಳಬೇಕು. ಕಿಟಕಿಯ ಬಳಿ ಕುಳಿತಿದ್ದವುಗಳಿಗೆ ಸಮುದ್ರದ ಗಾಳಿಗೆ ತುಕ್ಕು ಹಿಡಿದಿತ್ತು, ಎಮರಿ ಹಿಡಿದು ಉಜ್ಜಲು ಇಬ್ಬರಿಗೆ ಮೂರು ದಿನದ ಕೆಲಸ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ತೂತು ಸರಿಯಾದ ಜಾಗದಲ್ಲಿ ಬೀಳುವಂತೆ ತುಂಡನ್ನು ಹಿಡಿದಿಡುವ ಡ್ರಿಲ್ಲಿನ ಜಿಗ್ ಸ್ವಲ್ಪ ಸರಿದು 70ಕ್ಕೂ ಹೆಚ್ಚು ತುಂಡುಗಳಲ್ಲಿ ತೂತು ಮಿಲಿಮೀಟರಿನಷ್ಟು ಪಕ್ಕಕ್ಕೆ ಬಿದ್ದಿತ್ತು. ಗ್ರೈಂಡಿಂಗ್‌ಗೆ ಬರುವವರೆಗೆ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ, ಬರಲು ಮೂರು ವಾರ ಹಿಡಿದಿತ್ತು. ಯಾವ ದಿನ, ಯಾರ ಪಾಳಿಯಲ್ಲಿ, ಯಾಕೆ ಸರಿಯಿತು ಎಂದು ಕೇಳಿದರೆ ಯಾರ ನೆನಪಿನಲ್ಲೂ ಇರಲಿಲ್ಲ.

ಬಿಲ್ಲೆ ಬಂದ ನಂತರದ ವರ್ಷ ಮತ್ತೊಮ್ಮೆ ಜಿಗ್ ಸರಿಯಿತು. ಈ ಸಲ ಡ್ರಿಲ್ಲಿನಿಂದ ಗ್ರೈಂಡಿಂಗ್‌ಗೆ ಎರಡು ದಿನದ ದೂರ ಮಾತ್ರ ಇತ್ತು. ಗ್ರೈಂಡಿಂಗ್‌ನ ಹುಡುಗ ಒಂದು ತುಂಡನ್ನು ಕೈಯಲ್ಲಿ ಹಿಡಿದು ಡ್ರಿಲ್ಲಿನವರೆಗೆ ನಡೆದು ಬಂದ. ಇಬ್ಬರೂ ಬಗ್ಗಿ ನೋಡಿದರು. ಜಿಗ್ಗಿನ ಕೆಳಗೆ ಒಂದು ಕಬ್ಬಿಣದ ಚಕ್ಕೆ ಸಿಕ್ಕಿಕೊಂಡಿತ್ತು, ನಮ್ಮ ಕಿರುಬೆರಳಿನ ಉಗುರಿನಷ್ಟು. ಅದನ್ನು ಬ್ರಷ್ಷಿನಿಂದ ತಳ್ಳಿ ಅವರು ಮತ್ತೆ ಕೆಲಸ ಶುರುಮಾಡಿದರು.